ಅಂಕಕ್ಕೂ ಮೊದಲು ಅಪ್ಪನ ಹೆಸರು ಕೇಳುವ ವಿದ್ಯಾರ್ಥಿವೇತನ

ಗದಗಿನ ಹಳೇ ಬಸ್ ನಿಲ್ದಾಣದ ಹತ್ತಿರ ಒಂದು ಆನ್‌ಲೈನ್ ಸೆಂಟರ್. ಜೆರಾಕ್ಸ್, ಪಾನ್ ಕಾರ್ಡ್, ರೈಲ್ವೆ ಟಿಕೆಟ್, ಕಾಲೇಜಿನ ಅರ್ಜಿ, ಎಲ್ಲ ಅಲ್ಲೇ. ಹೋದ ಜೂನ್‌ನಲ್ಲಿ ಅಲ್ಲಿ ಎರಡು ತಾಸು ಕೂತಿದ್ದೆ. ಜೊತೆಗೆ ಒಂದು ಮಕ್ಕಳ ಪಾಲನಾ ಸಂಸ್ಥೆಯ ಅಕ್ಕೋರು, ಅಲ್ಲೇ ಬೆಳೆದ ಒಬ್ಬ ಹುಡುಗಿ. ಹುಡುಗಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 91 ಬಂದಿತ್ತು. ಒಂದು ಖಾಸಗಿ ಟ್ರಸ್ಟಿನವರು ಶೇ 85ಕ್ಕಿಂತ ಜಾಸ್ತಿ ತೆಗೆದ ಬಡ ಮಕ್ಕಳಿಗೆ ಪಿಯುಸಿ ಎರಡೂ ವರ್ಷ ದುಡ್ಡು ಕೊಡುತ್ತಾರೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಆ ಅರ್ಜಿ ತುಂಬಲು ಹೋಗಿದ್ದೆವು.

ಸೆಂಟರಿನ ಹುಡುಗ ಟಕಟಕ ಟೈಪ್ ಮಾಡುತ್ತಾ ಹೋದ. ಹೆಸರು, ಹುಟ್ಟಿದ ದಿನ, ಶಾಲೆ. ಒಂದು ಕಡೆ ಬಂದು ನಿಂತ.

‘ಅಕ್ಕೋರ, ಅಪ್ಪನ ಹೆಸರು ಏನ್ ಹಾಕ್ಲಿರೀ?’

‘ಇಲ್ಲ ಅಂತ ಹಾಕಪಾ.’

‘ಹಂಗ ಬಿಡಾಕ ಬರಂಗಿಲ್ರಿ. ಸ್ಟಾರ್ ಐತಿ.’

ಕೆಂಪು ಸ್ಟಾರ್ ಇದ್ದಲ್ಲಿ ತುಂಬಲೇಬೇಕು. ಒಂದು ಚುಕ್ಕಿ ಇಟ್ಟು ನೋಡಿದ, ತಗೊಳ್ಳಲಿಲ್ಲ. ಕೊನೆಗೆ ‘ನಾಟ್ ಅವೈಲೇಬಲ್’ ಅಂತ ಹೊಡೆದ, ಅದನ್ನು ತಗೊಂಡಿತು. ಮುಂದಿನ ಪುಟದಲ್ಲಿ ಅಪ್ಪನ ಉದ್ಯೋಗ. ಅದರ ಮುಂದಿನ ಪುಟದಲ್ಲಿ ಅಪ್ಪನ ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಹಾಕಬೇಕು. ಅಕ್ಕೋರು ಸಂಸ್ಥೆಯ ಲೆಟರ್‌ಹೆಡ್ ಮೇಲೆ ಒಂದು ಪತ್ರ ಬರೆಸಿ ತಂದಿದ್ದರು, ಅದನ್ನೇ ಹಾಕಿದೆವು. ಹುಡುಗಿ ಇಷ್ಟೂ ಹೊತ್ತು ಗೋಡೆಗೆ ಅಂಟಿಸಿದ್ದ ರೇಟ್ ಲಿಸ್ಟ್ ಓದುತ್ತಾ ನಿಂತಿದ್ದಳು. ಮೂರು ವಾರದ ಮೇಲೆ ಮೆಸೇಜ್ ಬಂತು: ದಾಖಲೆ ಸಾಲದು, ಅರ್ಜಿ ತಿರಸ್ಕೃತ.

ಶೇ 91 ಯಾರೂ ನೋಡಲೇ ಇಲ್ಲ. ಅಂಕಪಟ್ಟಿ ಐದನೇ ಪುಟದಲ್ಲಿತ್ತು.

ಪಾಲನಾ ಸಂಸ್ಥೆಗಳಲ್ಲಿ ಬೆಳೆಯುವ ಮಕ್ಕಳಿಗೆ ಪ್ರತಿಭಾ ವಿದ್ಯಾರ್ಥಿವೇತನ ಕೊಡಬೇಕು ಅಂದರೆ ಬೇಡ ಅನ್ನುವವರು ಯಾರೂ ಸಿಗುವುದಿಲ್ಲ. ಸರ್ಕಾರದ ಯೋಜನೆಗಳಿವೆ, ಮಠಗಳಿವೆ, ಕಂಪನಿಗಳಿವೆ, ಹುಬ್ಬಳ್ಳಿಯ ವ್ಯಾಪಾರಸ್ಥರಿದ್ದಾರೆ. ದುಡ್ಡು ಕಡಿಮೆ, ಅದು ಬೇರೆ ಮಾತು. ಆದರೆ ಆರೇಳು ವರ್ಷದಿಂದ ಭಾನುವಾರಕ್ಕೊಮ್ಮೆ ಈ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುವ ನನಗೆ ಕಂಡದ್ದು ಇನ್ನೊಂದು. ನಮ್ಮ ವಿದ್ಯಾರ್ಥಿವೇತನಗಳೆಲ್ಲ ಮನೆ ಇರುವ ಬಡ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಮನೆಯೇ ಇಲ್ಲದ ಮಗು ಆ ಅಂಗಿಯಲ್ಲಿ ತೂರುವುದಿಲ್ಲ.

ಹುಡುಗಿಯ ಹೆಸರು, ಊರು, ಸಂಸ್ಥೆ ಯಾವುದನ್ನೂ ಬರೆಯುತ್ತಿಲ್ಲ. ಬರೆಯಬಾರದು ಅಂತ ಕಾನೂನೇ ಇದೆ. ಅದರ ಮಾತು ಮುಂದೆ ಬರುತ್ತದೆ.

ಈ ಮಕ್ಕಳು ಯಾರು ಅಂತ ಮೊದಲು ನೋಡೋಣ. ಜನ ಸುಮ್ನೆ ‘ಅನಾಥಾಶ್ರಮ’ ಅಂದುಬಿಡುತ್ತಾರೆ. ಆದರೆ ಅಲ್ಲಿರುವ ಎಲ್ಲರೂ ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡವರಲ್ಲ. ಅಪ್ಪ ತೀರಿಕೊಂಡು ತಾಯಿ ಗೋವಾಕ್ಕೆ ದುಡಿಯಲು ಹೋದವರಿದ್ದಾರೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಗುಳೆ ಹೋದ ಕುಟುಂಬದ ಮಕ್ಕಳಿದ್ದಾರೆ. ಅಪ್ಪ ಜೈಲಿನಲ್ಲಿರುವವರು, ತಾಯಿ ಆಸ್ಪತ್ರೆಯಲ್ಲಿರುವವರು, ಹುಬ್ಬಳ್ಳಿ ರೈಲ್ವೆ ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕವರು, ಬಾಲ್ಯವಿವಾಹ ತಪ್ಪಿಸಿ ಕರೆತಂದ ಹುಡುಗಿಯರು, ಹೀಗೆ. 2015ರ ಬಾಲನ್ಯಾಯ ಕಾಯ್ದೆ ಇವರನ್ನೆಲ್ಲ ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು’ ಅನ್ನುತ್ತದೆ. ಯಾರಾದರೂ 1098ಕ್ಕೆ ಫೋನ್ ಮಾಡಿದರೆ, ಪೊಲೀಸರು ಕರೆತಂದರೆ, ಮಗು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಸಮಿತಿ ಅದು. ಎಲ್ಲಿರಬೇಕು ಅಂತ ಆದೇಶ ಮಾಡುವುದು ಅವರು. ಸರ್ಕಾರದ ಬಾಲಮಂದಿರ ಆಗಬಹುದು, ನೋಂದಣಿಯಾದ ಖಾಸಗಿ ಸಂಸ್ಥೆ ಆಗಬಹುದು.

ಅಂದರೆ ಈ ಮಗುವಿನ ಬಗ್ಗೆ ಸರ್ಕಾರದ್ದೇ ಒಂದು ಆದೇಶ ಇದೆ. ಇದಕ್ಕಿಂತ ದೊಡ್ಡ ಬಡತನದ ಪುರಾವೆ ಏನು ಬೇಕು? ಬೇಕಂತೆ. ಎಸ್‌ಎಸ್‌ಪಿ ಅಂತ ನಾವೆಲ್ಲ ಕರೆಯುವ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿಗೆ ಹೋದರೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರು ಬೇಕು. ಅದು ನಾಡಕಚೇರಿಯಲ್ಲಿ ಸಿಗುತ್ತದೆ. ನಾಡಕಚೇರಿಯವರು ಪಾಪ, ರೇಷನ್ ಕಾರ್ಡು ಕೇಳುತ್ತಾರೆ, ಊರು ಕೇಳುತ್ತಾರೆ. ಮೂರು ವರ್ಷದವನಿದ್ದಾಗ ಬಸ್ಸಿನಲ್ಲಿ ಸಿಕ್ಕ ಹುಡುಗನಿಗೆ ಯಾವ ಊರು, ಯಾವ ಜಾತಿ? ಆಧಾರ್ ವಿಷಯದಲ್ಲಿ ಮಾತ್ರ ಈ ಗಂಟು ಬಿಚ್ಚಿದ್ದಾರೆ. ಮಾನ್ಯತೆ ಪಡೆದ ಆಶ್ರಮದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರವನ್ನೇ ದಾಖಲೆ ಅಂತ ಒಪ್ಪುತ್ತಾರೆ. ಅದೇ ಪದ್ಧತಿ ವಿದ್ಯಾರ್ಥಿವೇತನಕ್ಕೂ ಬಂದರೆ, ಸಮಿತಿಯ ಆದೇಶದ ಒಂದು ಪ್ರತಿ ಇಟ್ಟರೆ ಜಾತಿ-ಆದಾಯ-ಅಪ್ಪನ ಸಹಿ ಮೂರೂ ಕೇಳುವುದಿಲ್ಲ ಅಂತಾದರೆ, ಅರ್ಧ ತಲೆನೋವು ಕಡಿಮೆಯಾಗುತ್ತದೆ. ಇದಕ್ಕೆ ಒಂದು ರೂಪಾಯಿ ಅನುದಾನವೂ ಬೇಡ.

ಜಾತಿ ಗೊತ್ತಿಲ್ಲದ ಮಗುವಿನ ಪ್ರಶ್ನೆಗೆ ಪಕ್ಕದವರು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಆಂಧ್ರ, ತೆಲಂಗಾಣಗಳಲ್ಲಿ ಹತ್ತು ವರ್ಷದೊಳಗೆ ತಂದೆತಾಯಿ ಕಳಕೊಂಡು ಆಶ್ರಮದಲ್ಲಿ ಬೆಳೆದ ಮಕ್ಕಳನ್ನು ಹಿಂದುಳಿದ ವರ್ಗಗಳ ‘ಎ’ ಗುಂಪಿಗೆ ಸೇರಿಸಿದ್ದಾರೆ. ಮಹಾರಾಷ್ಟ್ರ 2018ರಲ್ಲಿ ಅನಾಥ ಮಕ್ಕಳಿಗೆ ಶಿಕ್ಷಣ, ನೌಕರಿ ಎರಡರಲ್ಲೂ ಶೇ 1 ಮೀಸಲು ಇಟ್ಟಿತು.

ಇನ್ನು ಬ್ಯಾಂಕು. ದುಡ್ಡು ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಆದರೂ ಕೌಂಟರಿನಲ್ಲಿ ‘ಗಾರ್ಡಿಯನ್ ಕರಕೊಂಡು ಬಾ’ ಅನ್ನುವುದು ನಿಂತಿಲ್ಲ. ಹಾಗಾಗಿ ಸಂಸ್ಥೆಯ ಮುಖ್ಯಸ್ಥರ ಜೊತೆ ಜಂಟಿ ಖಾತೆ ಆಗುತ್ತದೆ. ಮುಖ್ಯಸ್ಥರು ವರ್ಗವಾಗಿ ಹೋಗುತ್ತಾರೆ. ಖಾತೆಯಲ್ಲಿ ದುಡ್ಡಿರುತ್ತದೆ, ತೆಗೆಯಲು ಸಹಿ ಇರುವುದಿಲ್ಲ. ನಾನು ಹೋಗುವ ಕಡೆಯೇ ಒಬ್ಬ ಹುಡುಗನ ದುಡ್ಡು ಒಂದು ವರ್ಷ ಹೀಗೇ ಕೂತಿತ್ತು. ಅಷ್ಟರಲ್ಲಿ ಅವನ ಫೀ ಕಟ್ಟುವ ಕಾಲ ಮುಗಿದಿತ್ತು. ಇದರ ಮೇಲೆ ಹದಿನೈದನೇ ವಯಸ್ಸಿಗೆ ಆಧಾರ್ ಬೆರಳಚ್ಚು ಮತ್ತೆ ಕೊಡಬೇಕು. ಶಾಲೆಯ ಸ್ಯಾಟ್ಸ್ ಅನ್ನುವ ಆನ್‌ಲೈನ್ ದಾಖಲೆಯಲ್ಲಿ ‘ಮಂಜುನಾಥ’, ಆಧಾರ್‌ನಲ್ಲಿ ‘ಮಂಜು’ ಅಂತಿದ್ದರೆ ಅದನ್ನು ತಿದ್ದಿಸಬೇಕು. ಮನೆಯಲ್ಲಾದರೆ ಇದನ್ನೆಲ್ಲ ಅಪ್ಪನೋ ಸೋದರಮಾವನೋ ಒಂದು ದಿನ ಕೂಲಿ ಬಿಟ್ಟು ಮಾಡಿಸಿಕೊಂಡು ಬರುತ್ತಾರೆ. ಇಲ್ಲಿ ಐವತ್ತು ಮಕ್ಕಳಿಗೆ ಒಬ್ಬರು ಅಕ್ಕೋರು.

ಕಾಗದದ ಮಾತು ಸಾಕು. ಅಂಕದ ಮಾತಿಗೆ ಬರೋಣ, ಯಾಕೆಂದರೆ ಅಸಲಿ ಜಗಳ ಇರುವುದು ಅಲ್ಲಿ.

ಪ್ರತಿಭೆ ಮತ್ತು ಬಡತನ ಎರಡನ್ನೂ ನೋಡಿ ಕೊಡುವ ದೊಡ್ಡ ಸರ್ಕಾರಿ ಯೋಜನೆ ಎನ್‌ಎಂಎಂಎಸ್. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ್ದು. ಎಂಟನೇ ತರಗತಿಯಲ್ಲಿ ಪರೀಕ್ಷೆ. ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ. ಒಂದು ಬುದ್ಧಿ ಚುರುಕಿನದ್ದು, ಇನ್ನೊಂದು ಪಾಠದ್ದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದ ತನಕ ವರ್ಷಕ್ಕೆ 12,000 ರೂಪಾಯಿ. ಒಳ್ಳೇ ಯೋಜನೆಯೇ. ಆದರೆ ಪರೀಕ್ಷೆಗೆ ಕೂರಬೇಕಾದರೆ ಏಳನೇ ತರಗತಿಯಲ್ಲಿ ಶೇ 55 ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5 ರಿಯಾಯಿತಿ.

ಐದು ವರ್ಷದ ಹಿಂದೆ ಎಂಟನೇ ತರಗತಿಯ ಮಕ್ಕಳಿಗೆ ಈ ಪರೀಕ್ಷೆಯ ಲೆಕ್ಕ ಹೇಳಿಕೊಡುತ್ತಿದ್ದೆ. ‘ಒಂದು ಕಾಮಗಾರಿಯನ್ನು 6 ಜನರು 12 ದಿನಗಳಲ್ಲಿ ಪೂರ್ಣಗೊಳಿಸಿದರೆ, ಅದೇ ಕಾಮಗಾರಿಯನ್ನು 9 ಜನರು ಪೂರ್ಣಗೊಳಿಸಲು ತೆಗೆದುಕೊಳ್ಳುವ ಅವಧಿ ಎಷ್ಟು?’ ಹಿಂದಿನ ಸಾಲಿನ ಒಬ್ಬ ಹುಡುಗ ಪುಸ್ತಕ ಹಿಡಕೊಂಡು ತಿಣುಕಾಡುತ್ತಿದ್ದ. ‘ಪೂರ್ಣಗೊಳಿಸಲು’ ಅನ್ನುವುದೇ ಅವನ ಬಾಯಿಗೆ ಬರುತ್ತಿರಲಿಲ್ಲ. ನಾನು ಹತ್ತಿರ ಹೋಗಿ, ‘ಆರು ಮಂದಿ ಹನ್ನೆರಡು ದಿನಕ್ಕ ಮುಗಿಸೋ ಕೆಲಸ. ಒಂಬತ್ತು ಮಂದಿ ಹಚ್ಚಿದ್ರ?’ ಅಂದೆ.

‘ಎಂಟು ದಿನ ರೀ.’

ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯಲಿಲ್ಲ. ಹೆಂಗ ಗೊತ್ತಾತು ಅಂದರೆ, ‘ನಮ್ಮವ್ವ ಗೌಂಡಿ ಕೆಲಸಕ್ಕ ಹೋಗ್ತಿದ್ಲ್ರಿ. ಮೇಸ್ತ್ರಿ ಬೆರಳ ಮ್ಯಾಲೆ ಇದನ್ನ ಲೆಕ್ಕ ಹಾಕ್ತಿದ್ದ’ ಅಂದ.

ಅವನಿಗೆ ಏಳನೇ ತರಗತಿಯಲ್ಲಿ ಬಂದದ್ದು ಶೇ 49. ಪರಿಶಿಷ್ಟ ಜಾತಿಯ ರಿಯಾಯಿತಿ ಹಿಡಿದರೂ ಒಂದು ಕಡಿಮೆ. ಪರೀಕ್ಷೆಗೇ ಕೂರಲಾಗಲಿಲ್ಲ.

ಆ 49ರ ಹಿಂದೆ ಏನಿದೆ ಅಂತ ನೋಡಿ. ಅವನು ಸಂಸ್ಥೆಗೆ ಬಂದದ್ದು ಒಂಬತ್ತನೇ ವಯಸ್ಸಿಗೆ. ಅಲ್ಲಿಯ ತನಕ ಅವ್ವನ ಹಿಂದೆ ಊರಿಂದೂರಿಗೆ, ಕಟ್ಟಡದಿಂದ ಕಟ್ಟಡಕ್ಕೆ. ಶಾಲೆ ಅಂದರೆ ಎಲ್ಲೋ ಎರಡು ತಿಂಗಳು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಒಳ್ಳೇ ನಿಯಮ. ಒಂಬತ್ತು ವರ್ಷದವನನ್ನು ಒಂದನೇ ತರಗತಿಯ ಮಣೆಯ ಮೇಲೆ ಕೂರಿಸಿದರೆ ಅವನು ನಾಚಿಕೆಗೇ ಓಡಿಹೋಗುತ್ತಾನೆ. ಹಿಂದೆ ಬಿದ್ದದ್ದನ್ನು ತುಂಬಿಕೊಡಲು ವಿಶೇಷ ತರಬೇತಿ ಕೊಡಬೇಕು ಅಂತಲೂ ಅದೇ ಕಲಮಿನಲ್ಲಿದೆ. ತರಗತಿ ಸಿಗುತ್ತದೆ. ತರಬೇತಿ ಎಷ್ಟು ಸಿಗುತ್ತದೆ ಅನ್ನುವುದು ಆಯಾ ಶಾಲೆಯ ಮಾಸ್ತರ ಮೇಲೆ. ಹೀಗೆ ನಾಲ್ಕನೇ ತರಗತಿಗೆ ನೇರ ಬಂದ ಹುಡುಗ, ಏಳನೇ ತರಗತಿಯ ಹೊತ್ತಿಗೆ ಮೂರು-ನಾಲ್ಕು ವರ್ಷ ಶಾಲೆ ಕಂಡಿರುತ್ತಾನೆ. ಪಕ್ಕದಲ್ಲಿ ಕೂತವನು ಏಳು ವರ್ಷ ಕಂಡಿರುತ್ತಾನೆ. ಇಬ್ಬರಿಗೂ ಒಂದೇ ಗೆರೆ. ನಾಲ್ಕು ವರ್ಷದಲ್ಲಿ ಸೊನ್ನೆಯಿಂದ 49ಕ್ಕೆ ಬಂದವನು ಪ್ರತಿಭಾವಂತನೋ, ಏಳು ವರ್ಷದಲ್ಲಿ 56ಕ್ಕೆ ಬಂದವನೋ? ನನ್ನ ಉತ್ತರ ನನಗೆ ಗೊತ್ತಿದೆ.

ಹಾಗಂತ ಅಂಕವೇ ಬೇಡ ಅನ್ನುವವನಲ್ಲ ನಾನು. ‘ಎಲ್ಲ ಮಕ್ಕಳಿಗೂ ಸಮ ಕೊಡಿ, ಮೆರಿಟ್ ಅನ್ನುವುದೇ ಅನ್ಯಾಯ’ ಅನ್ನುವ ಸ್ನೇಹಿತರಿದ್ದಾರೆ. ಅವರಿಗೆ ನಾನು ಹೇಳುವುದು, ಚೆನ್ನಾಗಿ ಓದುವ ಮಗುವಿಗೂ ‘ನಿನ್ನ ಓದನ್ನು ಯಾರೋ ನೋಡುತ್ತಿದ್ದಾರೆ’ ಅಂತ ಅನ್ನಿಸಬೇಕಲ್ಲ. ಸಂಸ್ಥೆಯಲ್ಲಿ ಬೆಳೆಯುವ ಮಗುವಿಗೆ ಎಲ್ಲವೂ ಗುಂಪಿನಲ್ಲೇ ಸಿಗುತ್ತದೆ. ಒಂದೇ ಬಣ್ಣದ ಸ್ವೆಟರ್, ಒಂದೇ ತಟ್ಟೆ. ತನ್ನ ಹೆಸರಿಗೇ ಬಂದ ಒಂದು ವಿದ್ಯಾರ್ಥಿವೇತನ ಅಂದರೆ ಅದಕ್ಕೆ ದುಡ್ಡಿಗಿಂತ ಜಾಸ್ತಿ ಬೆಲೆ. ಅಳೆಯುವ ಕೋಲು ಮಾತ್ರ ಬದಲಾಗಬೇಕು. ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಮೇಲೆ ಬಂದ ಅಂತ ನೋಡಬೇಕು. ಶಾಲೆಯ ಅಂಕಪಟ್ಟಿಯಲ್ಲೇ ಅದು ಕಾಣುತ್ತದೆ, ಹೊಸ ಪರೀಕ್ಷೆ ಬೇಕಿಲ್ಲ.

ಎನ್‌ಎಂಎಂಎಸ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಸರ್ಕಾರದ ವಸತಿ ಶಾಲೆಯಲ್ಲಿ, ಅಂದರೆ ಊಟ-ವಸತಿ-ಪಾಠ ಮೂರೂ ಸರ್ಕಾರವೇ ಕೊಡುವ ಕಡೆ ಓದುವ ಮಕ್ಕಳು ಇದಕ್ಕೆ ಅರ್ಹರಲ್ಲ. ಅವರ ಖರ್ಚು ಆಗಲೇ ಸರ್ಕಾರ ನೋಡಿಕೊಳ್ಳುತ್ತಿದೆಯಲ್ಲ ಅನ್ನುವ ಲೆಕ್ಕ. ಬಾಲಮಂದಿರದಲ್ಲಿದ್ದು ಪಕ್ಕದ ಸರ್ಕಾರಿ ಹೈಸ್ಕೂಲಿಗೆ ನಡೆದು ಹೋಗುವವನು ಅರ್ಹ. ಅದೇ ಬಾಲಮಂದಿರದಿಂದ ಮೊರಾರ್ಜಿ ವಸತಿ ಶಾಲೆಗೆ ಸೀಟು ಸಿಕ್ಕು ಹೋದವಳು ಅರ್ಹಳಲ್ಲ. ಜಾಣೆ ಅಂತ ಸೀಟು ಸಿಕ್ಕಿತು, ಸೀಟು ಸಿಕ್ಕಿತು ಅಂತ ವೇತನ ಹೋಯಿತು. ಶಾಲೆಯಲ್ಲಿರುವ ತನಕ ಆ ಲೆಕ್ಕ ಒಪ್ಪಬಹುದು. ಆದರೆ ಮನೆಯಿರುವ ಮಗುವಿಗೆ ಆ 12,000 ಮುಂದಿನ ಓದಿನ ಗಂಟು ಆಗುತ್ತದೆ. ಇವಳ ಹತ್ತಿರ ಹೊರಗೆ ಬಂದಾಗ ಗಂಟೇ ಇರುವುದಿಲ್ಲ.

ಪ್ರತಿಭೆಯನ್ನು ಬೇರೆ ಕೋಲಿನಿಂದ ಅಳೆಯಬಹುದು ಅನ್ನುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಅಂತ ಒಬ್ಬ ಕುರುಡ ಹುಡುಗನಿದ್ದ. ಅವನ ಹಾಡು ಕಿವಿಗೆ ಬಿದ್ದಾಗ ಹಾನಗಲ್ ಕುಮಾರಸ್ವಾಮಿಗಳು ಅಂಕಪಟ್ಟಿ ಕೇಳಲಿಲ್ಲ. ಕರೆತಂದು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರ ಕೈಯಲ್ಲಿ ಬೆಳೆದವರು ಪುಟ್ಟರಾಜ ಗವಾಯಿಗಳು. ಅವರೂ ಹಾವೇರಿ ಜಿಲ್ಲೆಯ ದೇವಗಿರಿಯವರು, ಎಳೆತನದಲ್ಲೇ ಕಣ್ಣು ಹೋದವರು, ಸೋದರಮಾವನ ಆಸರೆಯಲ್ಲಿ ಬೆಳೆದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ದಿಕ್ಕಿಲ್ಲದ ಎಷ್ಟೋ ಮಕ್ಕಳು ತಬಲಾ, ಹಾರ್ಮೋನಿಯಂ ಕಲಿತು ತಮ್ಮ ಕಾಲ ಮೇಲೆ ನಿಂತರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು.

ಧಾರವಾಡದ ಹಿರಿಯರು ವಾರಾನ್ನದ ಕತೆ ಹೇಳುತ್ತಾರೆ. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ, ಹೀಗೆ ಏಳು ದಿನ ಏಳು ಮನೆಯಲ್ಲಿ ಊಟ ಮಾಡುತ್ತಿದ್ದ. ಮುರುಘಾಮಠದಂಥ ಕಡೆ ಉಚಿತ ಪ್ರಸಾದ ನಿಲಯ ಇತ್ತು. ಗದಗ ಸೀಮೆಯ ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿ ದೇಸಗತಿಗೆ ದತ್ತು ಹೋದ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದಿಟ್ಟರು. ಜನ ಅವರನ್ನು ತ್ಯಾಗವೀರ ಅಂತಲೇ ಕರೆಯುತ್ತಾರೆ. ಇದನ್ನೆಲ್ಲ ಹೇಳುವಾಗ ಒಂದು ಮಾತು ಮುಚ್ಚಿಡಬಾರದು. ವಾರಾನ್ನದ ಏಳು ಮನೆಗಳು ಸಾಮಾನ್ಯವಾಗಿ ಹುಡುಗನ ಜಾತಿಯವೇ ಆಗಿರುತ್ತಿದ್ದವು. ಸಿರಸಂಗಿಯ ದುಡ್ಡೂ ಒಂದು ಸಮಾಜದ ಮಕ್ಕಳಿಗಾಗಿ ಇಟ್ಟದ್ದು. ಜಾತಿಯೇ ಗೊತ್ತಿಲ್ಲದ ಮಗು ಆಗಲೂ ಬಾಗಿಲ ಹೊರಗೇ ನಿಲ್ಲುತ್ತಿತ್ತು.

ಆದರೂ ವಾರಾನ್ನದಲ್ಲಿ ಈಗಿನ ವಿದ್ಯಾರ್ಥಿವೇತನದಲ್ಲಿ ಇಲ್ಲದ ಒಂದು ಗುಣ ಇತ್ತು. ತಟ್ಟೆ ಮುಂದೆ ಕೂತಾಗ ಆ ಮನೆಯ ತಾಯಿ ‘ಪರೀಕ್ಷಾ ಹೆಂಗಾತೋ?’ ಅಂತ ಕೇಳುತ್ತಿದ್ದಳು. ಬ್ಯಾಂಕ್ ಖಾತೆಗೆ ಬೀಳುವ ಸಾವಿರ ರೂಪಾಯಿ ಏನನ್ನೂ ಕೇಳುವುದಿಲ್ಲ.

ಈಗ ಹದಿನೆಂಟರ ಮಾತು. ಇಡೀ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಹದಿನೆಂಟು ತುಂಬಿದವರು ಮಕ್ಕಳಲ್ಲ. ಸಂಸ್ಥೆ ಬಿಡಬೇಕು. ಆರನೇ ವರ್ಷಕ್ಕೆ ಒಂದನೇ ತರಗತಿ ಸೇರಿದ ಮಗುವಿಗೆ ಹದಿನೆಂಟು ತುಂಬುವುದು ಪಿಯುಸಿ ಎರಡನೇ ವರ್ಷದ ಪರೀಕ್ಷೆಯ ಆಸುಪಾಸಿನಲ್ಲಿ. ಅಂದರೆ ಸಿಇಟಿ, ನೀಟ್, ಡಿಗ್ರಿ ಅಡ್ಮಿಶನ್, ಯಾವ ಊರು, ಯಾವ ಕೋರ್ಸು ಅಂತ ಇಡೀ ಮನೆ ತಲೆ ಕೆಡಿಸಿಕೊಳ್ಳುವ ಆ ಮೂರು ತಿಂಗಳಿನಲ್ಲೇ. ಬೇರೆ ಮಕ್ಕಳಿಗೆ ಹುಟ್ಟುಹಬ್ಬಕ್ಕೆ ಕೇಕು. ಇವರಿಗೆ ಬಿಡುಗಡೆ ಆದೇಶ. ಎನ್‌ಎಂಎಂಎಸ್ ಕೂಡ ಅದೇ ಹೊತ್ತಿಗೆ, ಪಿಯುಸಿಗೆ ಮುಗಿಯುತ್ತದೆ. ಊಟ, ಹಾಸಿಗೆ, ವೇತನ, ಅಕ್ಕೋರು, ನಾಲ್ಕೂ ಒಂದೇ ಬೇಸಿಗೆಯಲ್ಲಿ ಕೈಬಿಡುತ್ತವೆ.

ಕಾನೂನು ಪೂರಾ ಕೈಬಿಟ್ಟಿಲ್ಲ. ಹದಿನೆಂಟು ದಾಟಿದವರಿಗೆ ಇಪ್ಪತ್ತೊಂದರ ತನಕ ಅನುಪಾಲನೆ ಅಂತ, ಸಂಸ್ಥೆ ಬಿಟ್ಟ ಮೇಲೂ ನೆರವು ಕೊಡುವ ಒಂದು ವ್ಯವಸ್ಥೆ ಇದೆ. ವಿಶೇಷ ಸಂದರ್ಭದಲ್ಲಿ ಇಪ್ಪತ್ತಮೂರರ ತನಕವೂ ಮುಂದುವರಿಸಬಹುದು. ಮಕ್ಕಳ ರಕ್ಷಣೆಗೆ ಅಂತ ಇರುವ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ನಾಲ್ಕು ಸಾವಿರದಲ್ಲಿ ಧಾರವಾಡದ ಸಪ್ತಾಪುರದ ಕಡೆ ಒಂದು ಪಿ.ಜಿ. ಹಾಸಿಗೆ ಹಿಡಿದು, ಮೆಸ್ ಬಿಲ್ಲು ಕಟ್ಟಿ, ಕಾಲೇಜಿಗೂ ಹೋಗಿ ನೋಡಿ ಅಂತ ಆ ಮೊತ್ತ ಗೊತ್ತು ಮಾಡಿದವರಿಗೆ ಹೇಳಬೇಕು ಅನ್ನಿಸುತ್ತದೆ. ಹುಡುಗಿಯರಿಗೆ ಬಸ್ಸಾದರೂ ಫ್ರೀ. ಹುಡುಗರು ಪಾಸು ತೆಗೆಸಬೇಕು.

ಪಿಯುಸಿ, ಡಿಗ್ರಿಗೆ ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ತಿಂಗಳ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ತಿಂಗಳು ದುಡ್ಡು. ಹತ್ತೇ ತಿಂಗಳು ಯಾಕೆ? ಇನ್ನೆರಡು ತಿಂಗಳು ರಜೆ, ಮಗು ಮನೆಗೆ ಹೋಗುತ್ತದೆ. ಈ ‘ಮನೆಗೆ ಹೋಗುತ್ತದೆ’ ಅನ್ನುವುದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿ ಅಂತ ಯಾರೂ ಬರೆದಿಲ್ಲ, ಅಷ್ಟೇ. ಹಾಸ್ಟೆಲ್ ಸಿಕ್ಕವರಿಗೂ ಇದೇ ಪಾಡು. ದಸರಾಕ್ಕೆ, ದೀಪಾವಳಿಗೆ, ಬೇಸಿಗೆಗೆ ಅಡುಗೆ ಮನೆ ಬಂದ್. ಹಾಗಾಗಿ ಇಂಥ ಮಕ್ಕಳಿಗೆ ಕೊಡುವ ಯಾವುದೇ ವೇತನ ಹನ್ನೆರಡು ತಿಂಗಳಿನದ್ದಾಗಿರಬೇಕು. ಕಡಿಮೆ ಮಕ್ಕಳಿಗೆ ಕೊಟ್ಟರೂ ಪರವಾಗಿಲ್ಲ, ಪೂರ್ತಿ ಕೊಡಿ.

ಇದಕ್ಕೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡು ಇದೆಯಲ್ಲ ಅನ್ನುತ್ತಾರೆ. ಇದೆ. 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ 2 ಕೊಡಲೇಬೇಕು. ಆದರೆ ಅದರ ನಿಯಮದಲ್ಲಿ ಒಂದು ಯೋಜನೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ ನಡೆಯಬಹುದು. ಎಂಟನೇ ತರಗತಿಯಿಂದ ಡಿಗ್ರಿ ಮುಗಿಯುವ ತನಕ ಎಂಟು ವರ್ಷ ಬೇಕು. ನಡುವೆ ಒಂದು ಸಲವಾದರೂ ದಾನಿ ಬದಲಾಗುತ್ತಾರೆ. ಬದಲಾಗುವ ಹೊತ್ತಿಗೆ ಮಗುವನ್ನು ಹಿಡಿದುಕೊಳ್ಳುವವರು ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಮಕ್ಕಳಿಗೆ ಧಾರವಾಡದ ವಿದ್ಯಾಪೋಷಕ್‌ನಂಥ ಸಂಸ್ಥೆಗಳು ದುಡ್ಡಿನ ಜೊತೆ ತರಬೇತಿಯನ್ನೂ ಕೊಡುತ್ತವೆ. ಸಾವಿರ ರೂಪಾಯಿ ಜಾಸ್ತಿ ಕೊಡುವುದಕ್ಕಿಂತ ಫೋನ್ ಎತ್ತುವ ಒಬ್ಬರನ್ನು ಕೊಡುವುದು ಮೇಲು ಅಂತ ನನ್ನ ಅನುಭವ.

ಊರಿನ ದಾನಿಗಳ ಬಗ್ಗೆಯೂ ಒಂದು ಮಾತು. ಶ್ರಾವಣದಲ್ಲಿ ಈ ಸಂಸ್ಥೆಗಳಿಗೆ ಒಂದೇ ವಾರದಲ್ಲಿ ನಾಲ್ಕು ಹೋಳಿಗೆ ಊಟ ಬರುತ್ತವೆ. ಮಗನ ಹುಟ್ಟುಹಬ್ಬ, ಅಪ್ಪನ ತಿಥಿ. ಜೂನ್‌ನಲ್ಲಿ ಫೀ ಕಟ್ಟುವಾಗ ಯಾರ ಮನೆಯಲ್ಲೂ ಹುಟ್ಟುಹಬ್ಬ ಇರುವುದಿಲ್ಲ. ಊಟ ಬೇಡ ಅನ್ನುತ್ತಿಲ್ಲ. ಹೋಳಿಗೆ ಯಾರಿಗೆ ಬೇಡ? ಆದರೆ ನಾಲ್ಕರಲ್ಲಿ ಒಂದು ಊಟದ ಖರ್ಚು ಒಂದು ಮಗುವಿನ ಪುಸ್ತಕ, ಬಸ್ ಪಾಸಿಗೆ ಹೋದರೆ ಮಕ್ಕಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮತ್ತೆ ಆ ಚೆಕ್ ಕೊಡುವ ಸಮಾರಂಭ. ಬಾಗಿಲಿನಷ್ಟು ದೊಡ್ಡ ಥರ್ಮಾಕೋಲಿನ ಚೆಕ್ಕು, ಒಂದು ಕಡೆ ಶಾಲು ಹೊದ್ದ ಗಣ್ಯರು, ಇನ್ನೊಂದು ಕಡೆ ತಲೆ ತಗ್ಗಿಸಿದ ಮಗು. ಮರುದಿನ ಪೇಪರಿನಲ್ಲಿ ಹೆಸರಿನ ಸಮೇತ ಫೋಟೋ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದನ್ನು ಬೇಡ ಅನ್ನುತ್ತದೆ. ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗುವ ಯಾವುದನ್ನೂ ಪ್ರಕಟಿಸಬಾರದು. ತಪ್ಪಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಒಳ್ಳೇ ಉದ್ದೇಶಕ್ಕೆ ಅಂತ ವಿನಾಯಿತಿ ಇಲ್ಲ. ಹೊಸ ಕಾಲೇಜಿಗೆ ಹೋದ ಮೊದಲ ವಾರ ಯಾರೋ ಆ ಫೋಟೋ ತೋರಿಸಿ ‘ಇದು ನೀನಲ್ವಾ?’ ಅಂದರೆ ಹೇಗಿರುತ್ತದೆ ಅಂತ ಯೋಚಿಸಿ ನೋಡಿ.

ಇಷ್ಟು ಹೇಳಿದ ಮೇಲೂ ನನಗೊಂದು ಅಳುಕಿದೆ. ಸಂಸ್ಥೆಯ ಮಕ್ಕಳಿಗೆ ಮಾತ್ರ ಅಂತ ಒಳ್ಳೇ ವಿದ್ಯಾರ್ಥಿವೇತನ ಇಟ್ಟರೆ, ಮಗು ಸಂಸ್ಥೆಯಲ್ಲೇ ಉಳಿಯಲಿ ಅನ್ನುವ ಆಸೆ ಹುಟ್ಟುವುದಿಲ್ಲವೇ? ತಾಯಿ ಇದ್ದಾಳೆ, ಕಷ್ಟಪಟ್ಟರೆ ಸಾಕಬಲ್ಲಳು. ಆದರೆ ಮನೆಗೆ ಕರೆತಂದರೆ ವೇತನ ಹೋಗುತ್ತದೆ ಅಂದರೆ ಅವಳೇನು ಮಾಡಬೇಕು? ಸಂಸ್ಥೆ ಅನ್ನುವುದು ಕೊನೆಯ ದಾರಿ, ಆದಷ್ಟು ಬೇಗ ಮಗು ಮನೆ ಸೇರಬೇಕು ಅನ್ನುವುದು ಕಾಯ್ದೆಯ ಮೂಲ ಮಾತು. ಅದಕ್ಕೇ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ತಾಯಿಯ ಹತ್ತಿರ ಬೆಳೆಯುವ ಮಗುವಿಗೂ ತಿಂಗಳಿಗೆ 4,000 ಇದೆ. ಹಳ್ಳಿಯಲ್ಲಿ ವರ್ಷದ ಆದಾಯ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಹಾಗಾಗಿ ವೇತನ ಮಗುವಿನ ಹೆಸರಿಗೆ ಅಂಟಿಕೊಂಡಿರಬೇಕು. ಬಾಲಮಂದಿರದಿಂದ ಸವಣೂರಿನ ಅಜ್ಜಿ ಮನೆಗೆ ಹೋದರೆ ಅಲ್ಲಿಗೂ ಬರಬೇಕು.

ಕೋವಿಡ್‌ನಲ್ಲಿ ಅಪ್ಪ ಅಮ್ಮನನ್ನು ಕಳಕೊಂಡ ಮಕ್ಕಳ ವಿಷಯದಲ್ಲಿ ಇದು ಸಾಧ್ಯವಾಗಿದೆ. 2021ರಲ್ಲಿ ಬಂದ ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ ಹದಿನೆಂಟರಿಂದ ಇಪ್ಪತ್ತಮೂರರ ತನಕ ತಿಂಗಳ ನೆರವು, ಇಪ್ಪತ್ತಮೂರಕ್ಕೆ ಹತ್ತು ಲಕ್ಷ ರೂಪಾಯಿ. ಮಗು ಎಲ್ಲಿದ್ದರೂ. ಇಪ್ಪತ್ತಮೂರು ಅನ್ನುವ ಸಂಖ್ಯೆ ಸರ್ಕಾರಕ್ಕೆ ಹೊಳೆಯದ್ದೇನಲ್ಲ ಅಂದಂತಾಯಿತು. ಅದೇ ವರ್ಷ ರಸ್ತೆ ಅಪಘಾತದಲ್ಲಿ ಇಬ್ಬರನ್ನೂ ಕಳಕೊಂಡ ಮಗುವಿಗೆ ಇದರಲ್ಲಿ ಏನೂ ಇಲ್ಲ.

ಆ ಹುಡುಗಿ ಈಗ ಗದಗಿನಲ್ಲೇ ಪಿಯುಸಿ ಓದುತ್ತಿದ್ದಾಳೆ. ಅಕ್ಕೋರು ಯಾರದೋ ಕೈಕಾಲು ಹಿಡಿದು ಫೀ ಹೊಂದಿಸಿದರು. ಎಂಟು ದಿನ ಅಂತ ಲೆಕ್ಕ ಹೇಳಿದ ಹುಡುಗನಿಗೆ ಹದಿನೆಂಟು ತುಂಬಿತು. ಸಿವಿಲ್ ಡಿಪ್ಲೊಮಾ ಮಾಡುತ್ತಿದ್ದಾನೆ, ಹಾಸ್ಟೆಲಿನಲ್ಲಿದ್ದಾನೆ. ಅನುಪಾಲನೆಯ ಅರ್ಜಿ ಹಾಕಿಸಿದ್ದೇವೆ. ಹೋದ ತಿಂಗಳು ಫೋನ್ ಮಾಡಿದ್ದ.

‘ಸರ್, ರಜಾಕ್ಕ ಹಾಸ್ಟೆಲ್ ಬಂದ್ ಮಾಡ್ತಾರಂತ. ನನ್ನ ಟ್ರಂಕ್ ನಿಮ್ಮನ್ಯಾಗ ಇಡ್ಲೇನ್ರಿ?’

ಇಡು ಅಂದೆ. ನೀನು ಎಲ್ಲಿರತಿ ಅಂತ ಕೇಳಿದೆ. ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಒಂದು ಕಟ್ಟಡದ ಕೆಲಸ ಐತ್ರಿ, ಅಲ್ಲೇ ಶೆಡ್ಡಿನಾಗ ಮಲಗಾಕ ಜಾಗ ಕೊಡ್ತಾರ ಅಂದ.